ಗೂಗಲ್ ಫೋಟೋಸ್‌ಗೆ ತಿಂಗಳಿಗೆ 130 ರೂಪಾಯಿ ಕಟ್ಟಬೇಕಾ? ನೀವೇನು ಮಾಡಿದ್ರಿ?

ಸಂಧಿಸಮಾಸ:

ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಯವನು, ಹೈಸ್ಕೂಲ್ ಮೇಷ್ಟ್ರು. ಎರಡು ತಿಂಗಳಿಂದ ಫೋನ್ ತೆಗೆದರೆ ಸಾಕು, ಸ್ಟೋರೇಜ್ ತುಂಬಿದೆ ಅಂತ ಕೆಂಪು ಗೆರೆ. ಹೂಂ ಅಂದು ಪಕ್ಕಕ್ಕೆ ಸರಿಸ್ತಾ ಬಂದೆ. ಮೊನ್ನೆ ಮಗಳು "ಅಪ್ಪಾ, ನಿಂಗೆ ಕಳಿಸಿದ ಮೇಲ್ ವಾಪಸ್ ಬಂತು" ಅಂದಾಗಲೇ ಗೊತ್ತಾಗಿದ್ದು, 15 ಜಿಬಿ ಅನ್ನೋದು ಫೋಟೋಗೆ ಬೇರೆ, ಮೇಲ್‌ಗೆ ಬೇರೆ ಅಲ್ಲ, ಎಲ್ಲಕ್ಕೂ ಸೇರಿ ಒಂದೇ ಹಂಡೆ ಅಂತ.

2016ರಲ್ಲಿ ಫೋನ್ ತಗೊಂಡಾಗ ಅಂಗಡಿ ಹುಡುಗ "ಎಷ್ಟು ಬೇಕಾದ್ರೂ ತುಂಬಿ ಸಾರ್, ದುಡ್ಡಿಲ್ಲ" ಅಂದಿದ್ದ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅಂತಾರಲ್ಲ, ಹಾಗೇ ತುಂಬಿದೆ. ಬೋರ್ಡ್ ಮೇಲೆ ಬರೆದ ವ್ಯಾಕರಣ, ತೋಟಕ್ಕೆ ಬಂದ ಮಂಗನ ಹಿಂಡು, ಗೊಬ್ಬರದ ಬಿಲ್ಲು. 2021ರ ಜೂನ್ 1ಕ್ಕೆ ಬಿಟ್ಟಿ ನಿಂತಿದ್ದನ್ನ ಆಗ ಓದಿದ್ದೆ. ಕೊರೋನಾ ಗಲಾಟೆಯಲ್ಲಿ ಅದೊಂದು ಸುದ್ದಿ ಅಂತಲೇ ಅನಿಸಿರಲಿಲ್ಲ.

ದುಡ್ಡು ದೊಡ್ಡದಲ್ಲ. 100 ಜಿಬಿಗೆ ತಿಂಗಳಿಗೆ 130, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 1300 ತೋರಿಸ್ತಿದೆ. ಹೆಚ್ಚು ಕಡಿಮೆ ಅಡಿಕೆ ಮರ ಹತ್ತಿ ಕೊನೆ ತೆಗೆಯೋ ಕೊನೆಗಾರನ ಒಂದು ದಿನದ ಕೂಲಿ. ನನ್ನ ತಕರಾರು ಬೇರೆ: ಕಟ್ಟೋಕೆ ಶುರು ಮಾಡಿದ ಮೇಲೆ ನಿಲ್ಲಿಸೋದು ಯಾವಾಗ? ಫೋಟೋ ಹೆಚ್ಚಾಗ್ತಾ ಹೋಗುತ್ತೆ ಹೊರತು ಕಡಿಮೆಯಾಗಲ್ಲ. ನಾನು ಹೋದ ಮೇಲೆ ಮಗಳು ಕಟ್ಟಬೇಕಾ?

ಅಳಿಸೋಣ ಅಂತ ಕೂತೆ. ದೊಡ್ಡ ಫೈಲು ಮೊದಲು ತೋರಿಸುತ್ತೆ. ತೋರಿಸಿದ್ದು ಅಪ್ಪನ ವಿಡಿಯೋ, 38 ಸೆಕೆಂಡು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಾ, ತಲೆ ಎತ್ತದೆ "ಎಂತಕ್ಕೆ ಅದು, ಬಾ ಇಲ್ಲಿ ಕೂರು" ಅಂತಾರೆ. ಆಮೇಲೆ ಬರೀ ಕಟ್, ಕಟ್ ಸದ್ದು. ನಾನು ಹೋಗಿ ಕೂರಲಿಲ್ಲ, ವಿಡಿಯೋ ಮುಗಿಯುತ್ತೆ. 220 ಎಂಬಿ. ಮರುವರ್ಷ ಅಡಿಕೆ ಸುಲಿಯೋ ಹೊತ್ತಿಗೆ ಅವರಿರಲಿಲ್ಲ.

ಅಲ್ಲಿಗೆ ಅಳಿಸೋ ಕೆಲಸ ನಿಂತಿದೆ. ತಿಳಿದವರು ಹೇಳಿ.

ರಿಪೇರಿ_ಅಂಗಡಿ:

ಮೇಷ್ಟ್ರೇ, ದುಡ್ಡು ಕಟ್ಟೋದು ಆಮೇಲಿನ ಮಾತು. 2021ರ ಜೂನ್‌ಗೆ ಮುಂಚೆ 'ಹೈ ಕ್ವಾಲಿಟಿ'ಯಲ್ಲಿ, ಅಂದ್ರೆ ಸ್ವಲ್ಪ ಕುಗ್ಗಿಸಿ, ಹಾಕಿದ ಫೋಟೋ ಈಗಲೂ ಲೆಕ್ಕಕ್ಕೆ ಬರಲ್ಲ. ಅದನ್ನ ಅಳಿಸಿದ್ರೆ ಒಂದು ಎಂಬಿಯೂ ಉಳಿಯಲ್ಲ, ಹಾಗಾಗಿ ಹಳೇ ಮಂಗನ ಹಿಂಡು ಇರಲಿ ಬಿಡಿ.

ವಾಟ್ಸಾಪ್ ಬ್ಯಾಕಪ್ ಎಷ್ಟಿದೆ ನೋಡಿದ್ರಾ? ಮೊದಲು ಅದು ಲೆಕ್ಕಕ್ಕಿರಲಿಲ್ಲ. 2024ರಲ್ಲಿ ಆಂಡ್ರಾಯ್ಡ್‌ನವರಿಗೆ ಅದನ್ನೂ ಈ 15 ಜಿಬಿಗೇ ಸೇರಿಸಿದ್ರು. ನನ್ನ ಟೇಬಲ್ಲಿಗೆ ಬರೋ ಫೋನುಗಳಲ್ಲಿ ಸುಮಾರು ಸಲ ಹುಳ ಸಿಗೋದು ಅಲ್ಲೇ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಒಳಗೆ ಹೋದ್ರೆ ಯಾವ ಗ್ರೂಪು ಎಷ್ಟು ತಿಂದಿದೆ ಅಂತ ಸಾಲಾಗಿ ತೋರಿಸುತ್ತೆ. ಅಳಿಸಿ, ಬ್ಯಾಕಪ್‌ನಲ್ಲಿ ವಿಡಿಯೋ ಸೇರಿಸೋದನ್ನ ಆಫ್ ಮಾಡಿ, ಆಮೇಲೆ ಮತ್ತೊಂದು ಸಲ ಬ್ಯಾಕಪ್ ಒತ್ತಿ. ಒತ್ತದೇ ಇದ್ರೆ ಗೂಗಲ್‌ನಲ್ಲಿ ಹಳೇ ಬ್ಯಾಕಪ್ಪೇ ಕೂತಿರುತ್ತೆ. ಫೋಟೋಸ್‌ನ ಕಸದಬುಟ್ಟಿಯಲ್ಲೂ 60 ದಿನ ಇರುತ್ತೆ, ಅದನ್ನೂ ಖಾಲಿ ಮಾಡಿ.

ಕಟ್ಟಲ್ಲ_ಅಂದ್ರೆ_ಕಟ್ಟಲ್ಲ:

ನಾನು ಈ ಆಟ ಮೊದಲೇ ನೋಡಿದೀನಿ. ಫ್ಲಿಕರ್ ಅಂತ ಫೋಟೋ ಇಡೋ ಸೈಟು, 2013ರಲ್ಲಿ 1 ಟಿಬಿ ಬಿಟ್ಟಿ ಅಂತು. 2018ರಲ್ಲಿ, ಇನ್ಮೇಲೆ ಬಿಟ್ಟಿಯವರಿಗೆ ಸಾವಿರವೇ ಫೋಟೋ ಅಂತು. ಬಾಡಿಗೆ ಮನೆಗೆ ಬಣ್ಣ ಹೊಡೆಸಿದ ಹಾಗೆ ಇದು. ಹಾರ್ಡ್ ಡಿಸ್ಕ್ ತಗೊಳ್ಳಿ, ನಿಮ್ಮದು ನಿಮ್ಮ ಮನೇಲಿರಲಿ.

ಗೂಗಲ್ ಟೇಕೌಟ್‌ನಿಂದ ಎಲ್ಲಾ ಒಟ್ಟಿಗೆ ಇಳಿಸಬಹುದು. ಒಂದು ಎಚ್ಚರ: ಕ್ಯಾಮೆರಾ ಫೋಟೋದ ತಾರೀಕು ಫೋಟೋ ಒಳಗೇ ಇರುತ್ತೆ, ವಾಟ್ಸಾಪಲ್ಲಿ ಬಂದಿದ್ದಕ್ಕೆ ಇರಲ್ಲ. ಅವುಗಳ ಹೆಸರು ಬದಲಾಯಿಸಬೇಡಿ. ಹೆಸರಲ್ಲಿರೋ ಆ ಉದ್ದ ನಂಬರೇ ತಾರೀಕು.

ಸಂಧಿಸಮಾಸ:

ಹಾರ್ಡ್ ಡಿಸ್ಕ್ ನನ್ನ ಹತ್ರಾನೂ ಒಂದಿತ್ತು ಮಾರಾಯ್ರೇ, ಗಾಡ್ರೇಜ್ ಬೀರುವಿನಲ್ಲಿ, ರೇಷ್ಮೆ ಸೀರೆ ಕೆಳಗೆ. ನಮ್ಮ ಕಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ವಸ್ತು ಯಾವುದಿದೆ? ಮೂರು ವರ್ಷ ಆದ್ಮೇಲೆ ಹಚ್ಚಿದ್ರೆ ಬರೀ ಟಿಕ್ ಟಿಕ್. ನಾನೇ ನೋಡಿಕೊಳ್ಳಲಿಲ್ಲ ಅನ್ನಿ. ಆದ್ರೆ ನೋಡಿಕೊಳ್ಳದೆ ಇರೋರಿಗೇ ತಾನೇ ಇದೆಲ್ಲ ಬೇಕಾಗಿರೋದು?

ಮೈಸೂರಿನ_ಸೊಸೆ:

ಸರ್, ನಾವು ಕಟ್ತೀವಿ. 200 ಜಿಬಿಗೆ ವರ್ಷಕ್ಕೆ 2100. ಕಟ್ಟೋರನ್ನ ಬಿಟ್ಟು ಇನ್ನೂ ಐದು ಜನರನ್ನ ಸೇರಿಸಬಹುದು. ನಾನು, ನಮ್ಮೆಜಮಾನ್ರು, ಪುತ್ತೂರಲ್ಲಿರೋ ಅತ್ತೆ, ನನ್ನ ತಮ್ಮ. ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣಲ್ಲ. ಅತ್ತೆ ಇದನ್ನೇ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ್ರು!

ನಿಲ್ಲಿಸೋದು ಯಾವಾಗ ಅಂದ್ರಲ್ಲ. ನಿಲ್ಲಿಸಿದ ದಿನವೇ ಏನೂ ಮಾಯ ಆಗಲ್ಲ. 15 ಜಿಬಿ ಮೀರಿದ್ರೆ ಹೊಸದು ಹತ್ತಲ್ಲ, ಮೇಲ್ ಬರಲ್ಲ. ಎರಡು ವರ್ಷ ಹಾಗೇ ಮೀರಿಕೊಂಡಿದ್ರೆ ಅವರು ಅಳಿಸಬಹುದು ಅಂತ ನಿಯಮ. ಮನೆಯಲ್ಲಿ ಒಬ್ಬರಿಗಾದ್ರೂ ಪಾಸ್‌ವರ್ಡ್ ಗೊತ್ತಿರಲಿ. ನಮ್ಮ ಮಾವನವರದ್ದು ಯಾರಿಗೂ ಗೊತ್ತಿರಲಿಲ್ಲ.

ಸಂಧಿಸಮಾಸ:

ಎಲ್ಲರಿಗೂ ಧನ್ಯವಾದ. ರಿಪೇರಿ ಅಂಗಡಿಯವರು ಹೇಳಿದ್ದೇ ಖರೆ. ನಮ್ಮ ಬಿ.ಎಡ್. ಬ್ಯಾಚಿನ ಗ್ರೂಪು ಒಂದೇ 5.8 ಜಿಬಿ! ಗುಲಾಬಿ ಹೂವಿನ ಮೇಲೆ ಶುಭೋದಯ, ಸೂರ್ಯನ ಮೇಲೆ ಶುಭೋದಯ, ಚಹಾ ಲೋಟದ ಮೇಲೆ ಶುಭೋದಯ. ಕಳಿಸೋದು ಒಬ್ಬನೇ ಪುಣ್ಯಾತ್ಮ, ಅವನಿಗೇನೂ ಹೇಳೋಕಾಗಲ್ಲ, ನನ್ನ ಸಾಲ ಇದೆ. ಎಲ್ಲಾ ತೊಳೆದ ಮೇಲೆ 8.9 ಜಿಬಿಗೆ ಇಳಿದಿದೆ. ಮಗಳ ಮೇಲ್ ಬಂತು.

ಅಪ್ಪನ ವಿಡಿಯೋ ಅಲ್ಲೇ ಇದೆ. ಎರಡು ಪೆನ್‌ಡ್ರೈವ್‌ಗೂ ಹಾಕಿದೆ, ಒಂದು ಹೊಸನಗರದ ಅಕ್ಕನ ಮನೆಗೆ ಹೋಯ್ತು. ಪಾಸ್‌ವರ್ಡನ್ನ ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟು ಮಗಳಿಗೆ ತೋರಿಸಿದೆ. "ಪಂಚಾಂಗ ವರ್ಷಾ ವರ್ಷಾ ಬದಲಾಗುತ್ತಲ್ಲಪ್ಪಾ" ಅಂದ್ಲು. ಬೇರೆ ಜಾಗ ಹುಡುಕ್ತಿದೀನಿ.

ಸದ್ಯಕ್ಕೆ 130 ಕಟ್ತಾ ಇಲ್ಲ. ಆದ್ರೆ ಬೇಸಿಗೆಯಲ್ಲಿ ಅವಳ ಮದುವೆ, ಫೋಟೋದವನು ಈಗಲೇ ಡ್ರೋನು ಅಂತಿದಾನೆ. ಮೈಸೂರಿನವರೇ, ಆ ಐದು ಜನರಲ್ಲಿ ಅಳಿಯನನ್ನೂ ಸೇರಿಸಬಹುದಲ್ಲ?