ವಸ್ತುಸಂಗ್ರಹಾಲಯಗಳ ಬಗ್ಗೆ ಯಾವ ಪುಸ್ತಕ ಕೊಳ್ಳಲಿ? ಓದಿದವರು ಹೇಳಿ

ಕೇಳಿದವರು: ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ. ಇಲ್ಲಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ 1899ರ ಸಲೂನ್ ಬೋಗಿ ನೋಡಿ ಬಂದಾಗಿನಿಂದ ಅವಳದು ಒಂದೇ ಪ್ರಶ್ನೆ: ಇದನ್ನೆಲ್ಲ ಯಾರು ಎತ್ತಿಟ್ಟರು, ಏಕೆ ಎತ್ತಿಟ್ಟರು? ಅವಳಿಗೊಂದು, ನನಗೊಂದು, ಕನ್ನಡ ಮಾತ್ರ ಓದುವ ನಮ್ಮ ಮಾವನವರಿಗೊಂದು ಪುಸ್ತಕ ಬೇಕಾಗಿದೆ. ಬಣ್ಣದ ದೊಡ್ಡ ಪುಸ್ತಕಗಳ ಬೆಲೆ ನೋಡಿದರೆ ಕೈ ಹಿಂದೆ ಸರಿಯುತ್ತದೆ. ಮೊದಲು ಓದಿಸಿ ಆಮೇಲೆ ಕರೆದೊಯ್ಯಬೇಕೋ, ತೋರಿಸಿಕೊಂಡು ಬಂದು ಓದಿಸಬೇಕೋ ಎಂಬುದನ್ನೂ ತಿಳಿಸಿ.

ಪ್ರೌಢಶಾಲಾ ಶಿಕ್ಷಕಿ, ಮಂಡ್ಯ

ತೋರಿಸಿಕೊಂಡು ಬಂದು ಓದಿಸಿ ಮೇಡಂ. ಮೊದಲೇ ಓದಿಸಿದರೆ ಮಕ್ಕಳು ಅಲ್ಲಿ ಪುಸ್ತಕದಲ್ಲಿದ್ದುದನ್ನು ಮಾತ್ರ ಹುಡುಕಿ, ಉಳಿದದ್ದರ ಮುಂದೆ ಓಡುತ್ತಾರೆ.

ಒಂಬತ್ತರ ವಯಸ್ಸಿಗೆ ನಾನು ಕಣ್ಣುಮುಚ್ಚಿ ಹೇಳುವುದು ‘ಅನಿಮೇಲಿಯಂ’. ಕೇಟಿ ಸ್ಕಾಟ್ ಅವರ ಚಿತ್ರ, ಜೆನ್ನಿ ಬ್ರೂಮ್ ಅವರ ಬರಹ, 2014ರಲ್ಲಿ ಬಂದದ್ದು. ಇಡೀ ಪುಸ್ತಕವನ್ನೇ ಒಂದು ವಸ್ತುಸಂಗ್ರಹಾಲಯದಂತೆ ಕಟ್ಟಿದ್ದಾರೆ. ಅಧ್ಯಾಯಗಳಿಗೆ ಗ್ಯಾಲರಿ ಎಂದೇ ಹೆಸರು. ಪುಟ ಎಷ್ಟು ದೊಡ್ಡದೆಂದರೆ ಮಡಿಲಲ್ಲಿಟ್ಟು ಓದಲಾಗುವುದಿಲ್ಲ, ನೆಲದ ಮೇಲೆ ಹರಡಿ ಇಬ್ಬರು ಮೂವರು ಬೋರಲು ಮಲಗಿಯೇ ನೋಡಬೇಕು. ನಮ್ಮ ತರಗತಿಯಲ್ಲಿ ಹಾಗೆಯೇ ನೋಡುತ್ತಾರೆ. ಇಂಗ್ಲಿಷ್ ಬರಹವನ್ನು ಓದುವವರು ಕಡಿಮೆ, ಚಿತ್ರದಲ್ಲಿ ಹಲ್ಲು ಎಣಿಸುವವರೇ ಹೆಚ್ಚು. ಎಣಿಸಲಿ ಬಿಡಿ. ಆಮೇಲೆ ಮತ್ತೊಮ್ಮೆ ಕಾರಂಜಿ ಕೆರೆಯ ಪಕ್ಕದ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ, ಗಾಜಿನಾಚೆ ಇರುವ ಪ್ರಾಣಿಯ ಮುಂದೆ ನಿಂತು ಅವರೇ ಮಾತು ಶುರುಮಾಡುತ್ತಾರೆ.

“ಏಕೆ ಎತ್ತಿಟ್ಟರು” ಎಂಬುದಕ್ಕೆ ಮಾತ್ರ ಆ ಪುಸ್ತಕದಲ್ಲಿ ಉತ್ತರವಿಲ್ಲ. ಅದಕ್ಕೆ ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಥೆ ಹೇಳಿ. ಸುಮಾರು ಕ್ರಿ.ಶ. 949-50ರ ಮಾತು. ತಕ್ಕೋಲದಲ್ಲಿ ಚೋಳರೊಡನೆ ನಡೆದ ಯುದ್ಧದಲ್ಲಿ ಗಂಗ ಅರಸ ಬೂತುಗನ ಕಡೆಯ ಮಣಲೇರ ಎಂಬ ವೀರ ಕಾದಾಡಿದ. ಮೆಚ್ಚಿದ ಅರಸ ಬೇಕಾದ್ದನ್ನು ಕೇಳು ಎಂದಾಗ ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿ ಹಂದಿಯ ಜಗಳದ ಕೆತ್ತನೆಯೂ ಮೇಲೆಯೇ ಇದೆ. ಇದನ್ನು ಹೇಳಿದ ದಿನ ನಮ್ಮ ತರಗತಿಯಲ್ಲಿ ಎದ್ದ ಪ್ರಶ್ನೆ ಯುದ್ಧದ ಬಗ್ಗೆಯಲ್ಲ. “ಕಲ್ಲು ನಮ್ಮ ಊರಿನದು, ಬೆಂಗಳೂರಿಗೆ ಏಕೆ ಹೋಯಿತು ಮಿಸ್?” ನಿಮ್ಮ ಮಗಳದೂ ಅದೇ ಜಾತಿಯ ಪ್ರಶ್ನೆ ಮೇಡಂ. ನೋಡಲು ಹೋಗುವುದಾದರೆ ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಬೆಂಗಳೂರು ರೈಲು ಹತ್ತಿ.

ನಿವೃತ್ತ ಗ್ರಂಥಪಾಲಕ, ಕುವೆಂಪುನಗರ

ದೊಡ್ಡವರ ಓದಿಗೆ ನೀಲ್ ಮ್ಯಾಕ್‌ಗ್ರೆಗರ್ ಅವರ ‘ಎ ಹಿಸ್ಟರಿ ಆಫ್ ದಿ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್’. ಅವರು ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕರಾಗಿದ್ದಾಗ, 2010ರಲ್ಲಿ ಬಿಬಿಸಿ ರೇಡಿಯೊದಲ್ಲಿ ಪ್ರಸಾರವಾದ ಸರಣಿಯೇ ಪುಸ್ತಕವಾಯಿತು. ಕಿವಿಗೆಂದು ಬರೆದದ್ದರಿಂದ ಅಧ್ಯಾಯಗಳು ಚಿಕ್ಕವು. ಕುಕ್ಕರ್ ಕೂಗುವುದರೊಳಗೆ ಒಂದು ಮುಗಿಯುತ್ತದೆ. ಮೊದಲಿನಿಂದ ಓದಬೇಕೆಂಬ ಹಂಗಿಲ್ಲ. ಒಂದೇ ಬರಹವನ್ನು ಮೂರು ಲಿಪಿಗಳಲ್ಲಿ ಕೆತ್ತಿದ ರೊಸೆಟ್ಟಾ ಕಲ್ಲಿನ ಅಧ್ಯಾಯದಿಂದ ಶುರುಮಾಡಿ. ಈಜಿಪ್ಟಿನಲ್ಲಿ ಫ್ರೆಂಚ್ ಸೈನಿಕರಿಗೆ ಅದು ಸಿಕ್ಕಿದ್ದು 1799ರ ಜುಲೈನಲ್ಲಿ. ಅದೇ ವರ್ಷದ ಮೇ 4ರಂದು ಇಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ಕಲ್ಲೂ ಲಂಡನ್ನಿಗೇ ಹೋಯಿತು, ಟಿಪ್ಪುವಿನ ಮರದ ಹುಲಿಯೂ ಲಂಡನ್ನಿಗೇ ಹೋಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಪುಸ್ತಕ ಬೇರೆಯೇ ಆಗಿ ಕಾಣುತ್ತದೆ. ವಸ್ತು ಎಷ್ಟು ಚೆಲುವಾಗಿದೆ, ಎಷ್ಟು ಹಳೆಯದು ಎಂಬಲ್ಲಿ ಲೇಖಕರ ದನಿ ಗಟ್ಟಿ. ಅಲ್ಲಿಗೆ ಹೇಗೆ ಬಂತು ಎಂಬಲ್ಲಿ ನನಗೆ ತೀರಾ ಮೆತ್ತಗೆನಿಸಿತು. ಮನೆಯ ಯಜಮಾನರೇ ಮನೆ ತೋರಿಸುವಾಗ ಅಷ್ಟು ಸಹಜ ಎನ್ನಿ.

ಹುಲಿಯ ಬಗ್ಗೆಯೇ ಬೇಕೆಂದರೆ ಸೂಸನ್ ಸ್ಟ್ರಾಂಗ್ ಅವರ ‘ಟಿಪ್ಪೂಸ್ ಟೈಗರ್ಸ್’ ಇದೆ, 2009ರದು. ಹುಲಿ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರದೇ ಪ್ರಕಟಣೆ. ಹುಲಿಯ ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯವಿದೆ, ಹಿಡಿ ತಿರುಗಿಸಿದರೆ ಕೆಳಗೆ ಬಿದ್ದ ಸೈನಿಕ ಕೈ ಎತ್ತಿ ನರಳುತ್ತಾನೆ. ಒಂಬತ್ತು ವರ್ಷದವಳಿಗೂ ಚಿತ್ರಗಳನ್ನು ತೋರಿಸಬಹುದು.

ಗೃಹಿಣಿ, ಶ್ರೀರಂಗಪಟ್ಟಣ

ಗ್ರಂಥಪಾಲಕ ಸರ್ ಹೇಳಿದ್ದು ಸರಿ, ಆದರೆ ಲಂಡನ್ನಿನ ಹುಲಿಯವರೆಗೆ ಹೋಗುವ ಮೊದಲು ದರಿಯಾ ದೌಲತ್‌ಗೆ ಬನ್ನಿ. 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ಒಳಗೆ ವಸ್ತುಸಂಗ್ರಹಾಲಯ. ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆ ತುಂಬ ಹರಡಿದೆ. ನೆಂಟರ ಮಕ್ಕಳು ಬಂದಾಗಲೆಲ್ಲ ನಾನು ಒಂದೇ ಕೆಲಸ ಕೊಡುತ್ತೇನೆ: ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಕರ್ನಲ್ ಬೇಯ್ಲಿಯನ್ನು ಹುಡುಕಿ. ಆ ಜಂಗುಳಿಯಲ್ಲಿ ಅವನು ಸಿಗುವಷ್ಟರಲ್ಲಿ ಇಡೀ ಗೋಡೆ ನೋಡಿಯಾಗಿರುತ್ತದೆ.

ಹುಡುಗಿಗೆ ಮಾಹಿತಿಯ ಪುಸ್ತಕಕ್ಕಿಂತ ಕಥೆ ಕೊಡಿ ಅಕ್ಕ. ಇ. ಎಲ್. ಕೋನಿಗ್ಸ್‌ಬರ್ಗ್ ಎಂಬ ಅಮೆರಿಕದ ಲೇಖಕಿಯ 1967ರ ಕಾದಂಬರಿಯೊಂದಿದೆ, ‘ಫ್ರಮ್ ದಿ ಮಿಕ್ಸ್ಡ್ ಅಪ್ ಫೈಲ್ಸ್ ಆಫ್ ಮಿಸೆಸ್ ಬೇಸಿಲ್ ಇ. ಫ್ರಾಂಕ್‌ವೈಲರ್’. ಹೆಸರು ನೋಡಿ ಹೆದರಬೇಡಿ. ಅಕ್ಕ ತಮ್ಮ ಇಬ್ಬರೂ ಮನೆ ಬಿಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಡಗಿಕೊಳ್ಳುತ್ತಾರೆ. ಹಳೆಯ ಕಾಲದ ಮಂಚದಲ್ಲಿ ಮಲಗುತ್ತಾರೆ, ಕಾರಂಜಿಯಲ್ಲಿ ಸ್ನಾನ ಮಾಡಿ ಅಲ್ಲಿ ಜನ ಎಸೆದ ಚಿಲ್ಲರೆಯನ್ನೇ ಖರ್ಚಿಗೆ ಆರಿಸಿಕೊಳ್ಳುತ್ತಾರೆ. ನಡುವೆ ಒಂದು ಪುಟ್ಟ ವಿಗ್ರಹವನ್ನು ಮೈಕೆಲಾಂಜೆಲೊ ಕೆತ್ತಿದ್ದೋ ಅಲ್ಲವೋ ಎಂಬ ಗುಟ್ಟು. ನನ್ನ ತಂಗಿಯ ಮಗ ಅದನ್ನು ಓದಿ ಮೈಸೂರಿನ ಅಂಬಾವಿಲಾಸ ಅರಮನೆಯಲ್ಲಿ ಎಲ್ಲಿ ಅಡಗಬಹುದು ಎಂದು ಲೆಕ್ಕ ಹಾಕುತ್ತಿದ್ದ!

ರೈತ, ಕೆ.ಆರ್. ಪೇಟೆ

ಒಂದೇ ಮಾತು. ಅಂತರ್ಜಾಲದಲ್ಲಿ ತರಿಸುವವರು ಪುಟದ ಅಳತೆ ನೋಡಿ ದುಡ್ಡು ಕಟ್ಟಿ. ಮೊಮ್ಮಗನಿಗೆ ಎಂದು ಡೈನೋಸಾರ್ ಪುಸ್ತಕ ತರಿಸಿದೆ. ಚಿತ್ರದಲ್ಲಿ ಹಾಸಿಗೆಯಷ್ಟು, ಕೈಗೆ ಬಂದದ್ದು ಅಂಗೈಯಷ್ಟು. ಅಳತೆಯನ್ನು ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರಂತೆ.

ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ

ನಿಮ್ಮ ಮಾವನವರ ಪಾಲಿನದು ಯಾರೂ ಹೇಳಲಿಲ್ಲ. ವಸ್ತುಸಂಗ್ರಹಾಲಯಗಳ ಬಗ್ಗೆ ಕನ್ನಡದಲ್ಲಿ ಸಾಮಾನ್ಯ ಓದುಗರಿಗೆಂದು ಬರೆದ ಪುಸ್ತಕಗಳು ನಾನು ನೋಡಿದ ಮಟ್ಟಿಗೆ ಬಹಳ ಕಡಿಮೆ. ಆದ್ದರಿಂದ ಸುತ್ತಿ ಬಳಸಿ ಹೋಗಬೇಕು. ನಮ್ಮ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಕ’ದ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯ ಹೊರತಂದಿದೆ, ಮಂಡ್ಯ ಜಿಲ್ಲೆಗೇ ಎರಡು ಸಂಪುಟಗಳು. ಬಿ. ಎಲ್. ರೈಸ್ ಆರಂಭಿಸಿದ ಕೆಲಸ ಅದು. ಶಾಸನಗಳ ಪಾಠ ಕನ್ನಡ ಲಿಪಿಯಲ್ಲೇ ಇರುತ್ತದೆ. ಕೊಳ್ಳಬೇಡಿ, ಗ್ರಂಥಾಲಯದಲ್ಲಿ ಕೂತು ತಮ್ಮ ಊರಿನ ಹೆಸರು ಹುಡುಕಲು ಹೇಳಿ. ಸಿಕ್ಕಿತೆಂದರೆ ಅವರು ಊಟಕ್ಕೂ ಏಳುವುದಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳುವುದಕ್ಕೆ ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯ ಬಿಡಿ ಸಂಪುಟ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ಒಟ್ಟು ಏಳು ಸಂಪುಟಗಳು. ವಿಜ್ಞಾನದ ಕೆಲವು ಸಂಗತಿ ಹಳತಾಗಿವೆ, ಕಲೆ ಮತ್ತು ಇತಿಹಾಸದ ಬರಹಗಳಿಗೆ ಆ ತೊಂದರೆ ಕಡಿಮೆ. ತಾತ ಮೊಮ್ಮಗಳು ಒಟ್ಟಿಗೆ ಓದಬಹುದಾದ ಕನ್ನಡ ಪುಸ್ತಕ ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಮಳಿಗೆಗೆ ನವೆಂಬರಿನಲ್ಲಿ ಹೋಗಿ, ರಾಜ್ಯೋತ್ಸವದ ರಿಯಾಯಿತಿ ಇದ್ದರೆ ಜನಪದ ಕಲೆಗಳ ಪುಸ್ತಕಗಳನ್ನೂ ತೆಗೆದುಕೊಳ್ಳಿ. ಹಾಗೆಯೇ, ಬಾಗಿಲು ತೆರೆದಿದ್ದರೆ, ಇಲ್ಲಿನ ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯಕ್ಕೆ ಮಾವನವರನ್ನು ಕರೆತನ್ನಿ. ತೊಗಲುಗೊಂಬೆ, ಸೋಮನ ಮುಖವಾಡ, ನೇಗಿಲು, ಕೊಳಗ, ಸೇರು. ಅಲ್ಲಿ ವಿವರಣೆಯ ಫಲಕಕ್ಕಿಂತ ಹಳ್ಳಿಯಲ್ಲಿ ಬೆಳೆದ ಹಿರಿಯರಿಗೆ ಹೆಚ್ಚು ಗೊತ್ತಿರುತ್ತದೆ. ಮೊಮ್ಮಗಳು ಕೇಳಲಿ, ಅವರು ಹೇಳಲಿ, ನೀವು ಬರೆದುಕೊಳ್ಳಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಅಡಗಿಕೊಳ್ಳುವ ಮಕ್ಕಳ ಕಥೆ ಮೊದಲು, ಮ್ಯಾಕ್‌ಗ್ರೆಗರ್ ಗ್ರಂಥಾಲಯದಿಂದ. ಮಾವನವರು ಶಾಸನದ ಸಂಪುಟದ ವಿಷಯ ಕೇಳಿ ಈಗಲೇ ಚಪ್ಪಲಿ ಮೆಟ್ಟಿದ್ದಾರೆ. ಜಗನ್ಮೋಹನ ಅರಮನೆಯ ಚಿತ್ರಗಳ ಬಗ್ಗೆ ಮಗಳಿಗೆ ಏನಾದರೂ ಇದೆಯೇ? ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದಿನಿಂದ ಅವಳು ಕದಲುವುದಿಲ್ಲ.

ನಿವೃತ್ತ ಗ್ರಂಥಪಾಲಕ, ಕುವೆಂಪುನಗರ

ಅದು ಎಸ್. ಎಲ್. ಹಳದಣಕರ್ ಅವರ ಚಿತ್ರ. ತೈಲವರ್ಣ ಎಂದು ಬಹಳ ಜನ ತಿಳಿದಿದ್ದಾರೆ, ಅದು ಜಲವರ್ಣ. ರೂಪದರ್ಶಿಯಾಗಿ ನಿಂತವರು ಕಲಾವಿದರ ಮಗಳೇ. ಇಷ್ಟು ಹೇಳಿ, ಒಂದು ಜಲವರ್ಣದ ಪೆಟ್ಟಿಗೆ ಕೊಡಿಸಿ. ಬೆರಳಿನ ಸಂದಿಯಿಂದ ಬರುವ ಆ ಬೆಳಕನ್ನು ನೀರಿನ ಬಣ್ಣದಲ್ಲಿ ತರುವುದು ಎಷ್ಟು ಕಷ್ಟ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಚಿತ್ರಕಲೆಯ ಪುಸ್ತಕಗಳಿಗೆ ದುಡ್ಡು ಹಾಕುವ ಮೊದಲು ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣ ನೋಡಿ. ಅವರ ಹಳೆಯ ಪ್ರಕಟಣೆಗಳು ನೂರಾರು, ಪೂರ್ತಿ ಪುಸ್ತಕವೇ ಉಚಿತ. ಭಾರತದ ಕಲೆಯ ಮೇಲಿನವೂ ಇವೆ. ಮೊಬೈಲಿನಲ್ಲಿ ಬೇಡ, ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ತೆರೆಯಿರಿ.