ಮೂರು ಬೆರಳಿಗೆ ಒಂದೂವರೆ ಲಕ್ಷದ ರಾಜಿ: ಸಹಿ ಹಾಕಬಹುದಾ?

ಪ್ರಶ್ನೆ:

ನಮಸ್ಕಾರ ಮೇಡಂ. ನಮ್ಮಣ್ಣ ನಮ್ಮೂರಿನ ನಗರಸಭೆಯ ಕಸದ ಗಾಡಿಯಲ್ಲಿ ಲೋಡರ್. ಹನ್ನೊಂದು ವರ್ಷದಿಂದ ಇದೇ ಕೆಲಸ. ದಿನಾ ಕೆಲಸ ಹೇಳುವವರು ನಗರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್. ಆದರೆ ಕಾಗದದ ಮೇಲೆ ಅವನು ಕಂಟ್ರಾಕ್ಟರ್ ಕಡೆಯ ಆಳು.

2025ರ ಮಾರ್ಚ್‌ನಲ್ಲಿ ಕಾಂಪ್ಯಾಕ್ಟರ್ (ಕಸ ಒತ್ತಿ ತುಂಬುವ) ಲಾರಿಯ ಹಿಂದೆ ಸಿಕ್ಕಿಕೊಂಡಿದ್ದ ಚೀಲ ಎಳೆಯುವಾಗ ಬಲಗೈ ಒಳಗೆ ಹೋಯಿತು. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಮೂರನ್ನೂ ಬುಡದವರೆಗೆ ತೆಗೆದರು. ನಾಲ್ಕು ತಿಂಗಳು ಮನೆಯಲ್ಲೇ ಇದ್ದ. ಒಂದು ರೂಪಾಯಿ ಸಂಬಳ ಬರಲಿಲ್ಲ. ಆಸ್ಪತ್ರೆಗೆ 68,000 ಆಯಿತು. ಕಂಟ್ರಾಕ್ಟರ್ 40,000 ಕಟ್ಟಿದರು. ಉಳಿದದ್ದಕ್ಕೆ ಅತ್ತಿಗೆಯ ಓಲೆ ಅಡವಿಟ್ಟೆವು.

ಈಗ ಹತ್ತು ತಿಂಗಳ ಮೇಲೆ ರಾಜಿ ಮಾತಿಗೆ ಕರೆದಿದ್ದಾರೆ. ಒಟ್ಟು ಒಂದೂವರೆ ಲಕ್ಷ, ಅದರಲ್ಲಿ ಆಸ್ಪತ್ರೆಗೆ ಕಟ್ಟಿದ 40,000 ಮುರಿದುಕೊಂಡು ಕೈಗೆ 1,10,000. ‘ಮುಂದೆ ಯಾವ ತಕರಾರೂ ಇಲ್ಲ’ ಅಂತ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಬೇಕಂತೆ. ‘ಕಮಿಷನರ್ ಸಾಹೇಬರ ಎದುರೇ ಸಹಿ ಮಾಡಿಸ್ತೀವಿ, ಎಲ್ಲಾ ಪಕ್ಕಾ’ ಅಂತಾರೆ. ಅಣ್ಣನಿಗೆ 40 ವರ್ಷ. ಸಂಬಳ 16,500, ಬ್ಯಾಂಕಿಗೆ ಬರುತ್ತಿತ್ತು. ಮನೆಯಲ್ಲಿ ಸಾಲ ಇದೆ. ಅತ್ತಿಗೆ ‘ಸಿಕ್ಕಿದ್ದು ತಗೊಳ್ಳಿ’ ಅಂತಿದ್ದಾರೆ. ಏನು ಮಾಡಲಿ?

ಉತ್ತರ (ವಕೀಲರು):

ಸಹಿ ಬೇಡ. ಮೊದಲು ಇದನ್ನು ಅಣ್ಣನಿಗೆ ಫೋನ್ ಮಾಡಿ ಹೇಳಿ, ಆಮೇಲೆ ಮುಂದಿನದು ಓದಿ.

ರಾಜಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹದಿನೆಂಟು ವರ್ಷದಿಂದ ಇಂಥ ಕೇಸು ನಡೆಸುತ್ತಿದ್ದೇನೆ, ಎಷ್ಟೋ ಕೇಸನ್ನು ನಾನೇ ರಾಜಿಯಲ್ಲಿ ಮುಗಿಸಿದ್ದೇನೆ. ಆದರೆ ನಿಮ್ಮ ರಾಜಿಯಲ್ಲಿ ಮೊತ್ತವೂ ಸರಿ ಇಲ್ಲ, ಸಹಿ ಹಾಕಿಸುವ ಜಾಗವೂ ಸರಿ ಇಲ್ಲ.

ಜಾಗದ ಮಾತು ಮೊದಲು. ಇಲ್ಲೇ ತುಂಬಾ ಜನ ಮೋಸ ಹೋಗುತ್ತಾರೆ. ‘ಕಮಿಷನರ್ ಎದುರು’ ಅಂದರಲ್ಲ, ಅವರು ನಗರಸಭೆಯ ಕಮಿಷನರ್, ಅಂದರೆ ಪೌರಾಯುಕ್ತರು. 1923ರ ನೌಕರರ ಪರಿಹಾರ ಕಾಯ್ದೆ ಹೇಳುವ ಕಮಿಷನರ್ ಬೇರೆಯವರು. ನಮ್ಮ ರಾಜ್ಯದಲ್ಲಿ ಈ ಕೇಸುಗಳನ್ನು ಸೀನಿಯರ್ ಸಿವಿಲ್ ಜಡ್ಜ್ ಕೋರ್ಟು ಆ ಕಮಿಷನರ್ ಸ್ಥಾನದಲ್ಲಿ ಕೂತು ನಡೆಸಿಕೊಂಡು ಬಂದಿದೆ. ಪೌರಾಯುಕ್ತರು ಈ ವ್ಯಾಜ್ಯದಲ್ಲಿ ಹಣ ಕೊಡಬೇಕಾದ ಕಡೆಯವರು. ಅವರ ಎದುರು ಸಹಿ ಹಾಕಿದರೆ ಅದು ಎದುರು ಪಾರ್ಟಿಯ ಎದುರು ಹಾಕಿದ ಹಾಗೆ, ಅಷ್ಟೇ.

ಕಾಯ್ದೆಯ 28ನೇ ಕಲಂ ಪ್ರಕಾರ, ಇಡಿಗಂಟು ಪರಿಹಾರಕ್ಕೆ ಒಪ್ಪಂದ ಆದರೆ ಅದರ ಪತ್ರವನ್ನು ಮಾಲೀಕರು ಪರಿಹಾರದ ಕಮಿಷನರ್‌ಗೆ ಕಳಿಸಬೇಕು. ಅವರು ಎರಡೂ ಕಡೆಗೆ ನೋಟಿಸ್ ಕೊಟ್ಟು ವಿಚಾರಿಸುತ್ತಾರೆ. ಮೊತ್ತ ತೀರಾ ಕಡಿಮೆ ಅನ್ನಿಸಿದರೆ, ಅಥವಾ ಹೆದರಿಸಿ, ಮೋಸ ಮಾಡಿ ಬರೆಸಿಕೊಂಡಿದ್ದಾರೆ ಅನ್ನಿಸಿದರೆ ನೋಂದಣಿ ನಿರಾಕರಿಸಬಹುದು. 17ನೇ ಕಲಂ ಇನ್ನೂ ನೇರ: ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ, ಕಡಿಮೆಗೆ ಒಪ್ಪಿದೆ ಅಂತ ನೌಕರ ಬರೆದುಕೊಟ್ಟ ಒಪ್ಪಂದ ಅಷ್ಟರ ಮಟ್ಟಿಗೆ ಅನೂರ್ಜಿತ. ಸಾಲ ತಲೆ ಮೇಲಿರುವಾಗ ಮನುಷ್ಯ ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆ ಅಂತ ಕಾಯ್ದೆ ಬರೆದವರಿಗೆ ಗೊತ್ತಿತ್ತು.

ಇನ್ನು ಮೊತ್ತ. ಇದು ಯಾರೂ ದಯೆಯಿಂದ ಕೊಡುವ ಹಣ ಅಲ್ಲ, ಲೆಕ್ಕ ಇದೆ. ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ಸಂಬಳದ ಶೇ. 60 ತೆಗೆದುಕೊಂಡು, ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 2020ರ ಜನವರಿ 3ರಿಂದ ಸಂಬಳದ ಮಿತಿ 15,000 ರೂಪಾಯಿ. ಅಣ್ಣನ ಸಂಬಳ 16,500 ಇದ್ದರೂ 15,000ವನ್ನೇ ಹಿಡಿಯುತ್ತಾರೆ. ಅದರ ಶೇ. 60 ಅಂದರೆ 9,000. ನಲವತ್ತು ವರ್ಷಕ್ಕೆ ಅಂಕಿ 184.17. ಗುಣಿಸಿದರೆ 16,57,530. ಇದು ಪೂರ್ತಿ ದುಡಿಯಲಾರದವರಿಗೆ. ಒಂದೇ ಕೈಯ ಮೂರು ಬೆರಳು ಹೋದರೆ ಶೇ. 30 ಅಂತ ಕಾಯ್ದೆಯ ಮೊದಲನೇ ಅನುಸೂಚಿಯಲ್ಲೇ ಇದೆ. ಹಾಗಾದರೆ 4,97,259 ರೂಪಾಯಿ.

ಅವರು ಹೇಳುತ್ತಿರುವುದು ಇದರ ಮೂರನೇ ಒಂದು ಭಾಗಕ್ಕೂ ಕಡಿಮೆ ಅಲ್ವಾ?

ಇಷ್ಟಕ್ಕೇ ಮುಗಿಯಲಿಲ್ಲ. ಅಪಘಾತ ಆಗಿ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ. ಈ ಮೊತ್ತಕ್ಕೆ ಒಂದು ವರ್ಷದ ಬಡ್ಡಿಯೇ 59,671. ತಡ ಮಾಡಿದ್ದಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಕೆಲಸಕ್ಕೆ ಹೋಗಲಾಗದ ನಾಲ್ಕು ತಿಂಗಳಿಗೆ, ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ, ಅಂದರೆ 3,750 ರೂಪಾಯಿ ಕೊಡಬೇಕಿತ್ತು. ಅದನ್ನೂ ಅರ್ಜಿಯಲ್ಲಿ ಕೇಳಿ.

ಆಸ್ಪತ್ರೆಗೆ ಕಟ್ಟಿದ 40,000 ಮುರಿದುಕೊಳ್ಳುತ್ತೇವೆ ಅನ್ನುವುದಂತೂ ಶುದ್ಧ ತಪ್ಪು. ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರದಲ್ಲಿ ಕಳೆಯುವ ಹಾಗಿಲ್ಲ. ಬದಲಿಗೆ ನೀವು ಓಲೆ ಅಡವಿಟ್ಟು ಕಟ್ಟಿದ 28,000ವನ್ನು ಅವರೇ ನಿಮಗೆ ವಾಪಸ್ ಕೊಡಬೇಕು. 2009ರ ತಿದ್ದುಪಡಿ ಬಂದ ಮೇಲೆ ಚಿಕಿತ್ಸೆಯ ನಿಜವಾದ ಖರ್ಚು ಮಾಲೀಕರದ್ದು. ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:

ಮೇಡಂ, ಓದಿ ಅತ್ತಿಗೆಗೂ ಓದಿ ಹೇಳಿದೆ. ಸದ್ಯ ಸಹಿ ಹಾಕಲ್ಲ. ಆದರೆ ನಗರಸಭೆಯವರು ‘ಅವನು ನಮ್ಮ ನೌಕರನೇ ಅಲ್ಲ, ಕಂಟ್ರಾಕ್ಟರ್‌ನ ಕೇಳಿ’ ಅಂತಾರೆ. ಕಂಟ್ರಾಕ್ಟರ್ ‘ಗ್ಲೌಸ್ ಹಾಕಿರಲಿಲ್ಲ, ಅವನದೇ ತಪ್ಪು’ ಅಂತಾರೆ. ಅಣ್ಣನಿಗೆ ಗ್ಲೌಸ್ ಕೊಟ್ಟು ಎರಡು ವರ್ಷ ಆಗಿತ್ತು, ಹರಿದುಹೋಗಿತ್ತು.

ಉತ್ತರ (ವಕೀಲರು):

ಎರಡೂ ಹಳೇ ಮಾತು. ಪ್ರತಿ ಕೇಸಿನಲ್ಲೂ ಕೇಳುತ್ತೇನೆ.

12ನೇ ಕಲಂ ಓದಿಸಿ. ತಾನು ಮಾಡಬೇಕಾದ ಕೆಲಸವನ್ನು ಕಂಟ್ರಾಕ್ಟರ್ ಕೈಲಿ ಮಾಡಿಸಿದರೆ, ಆ ಕೆಲಸಗಾರನಿಗೆ ಮೂಲ ಮಾಲೀಕನೇ ತನ್ನ ನೌಕರನಿಗೆ ಕೊಡುವಂತೆ ಪರಿಹಾರ ಕೊಡಬೇಕು. ಕೊಟ್ಟ ಮೇಲೆ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರಿಬ್ಬರ ಲೆಕ್ಕ. ‘ನಗರಸಭೆ ವ್ಯಾಪಾರ ಮಾಡುವ ಸಂಸ್ಥೆ ಅಲ್ಲ, ನಮಗೆ ಇದು ಅನ್ವಯಿಸಲ್ಲ’ ಅಂತ ಅವರ ವಕೀಲರು ವಾದಿಸಬಹುದು. ಅದಕ್ಕೂ ಉತ್ತರ ಕಾಯ್ದೆಯಲ್ಲೇ ಇದೆ. ಸ್ಥಳೀಯ ಸಂಸ್ಥೆಯ ಅಧಿಕಾರ, ಕರ್ತವ್ಯಗಳನ್ನು ಅದರ ವ್ಯಾಪಾರ ಅಂತಲೇ ತಿಳಿಯಬೇಕು ಎಂದು 2ನೇ ಕಲಂನ ಎರಡನೇ ಉಪಕಲಂ ಹೇಳುತ್ತದೆ. ಊರಿನ ಕಸ ಎತ್ತುವುದು ನಗರಸಭೆಯ ಕರ್ತವ್ಯ ಅಲ್ಲದೆ ಇನ್ಯಾರದ್ದು? ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಲಾರಿಯ ವಿಮೆ ಪಾಲಿಸಿಯ ನಕಲು ಸಿಕ್ಕರೆ ವಿಮಾ ಕಂಪನಿಯನ್ನೂ ಸೇರಿಸಿ.

ಗ್ಲೌಸ್ ವಿಷಯ. ಕೊಟ್ಟ ರಕ್ಷಣೆಯನ್ನು ನೌಕರ ಬೇಕಂತಲೇ ತೆಗೆದಿಟ್ಟ, ಅದರಿಂದಲೇ ಗಾಯ ಆಯಿತು ಅಂತ ಅವರು ಸಾಬೀತು ಮಾಡಬೇಕು. ಹರಿದುಹೋದ ಗ್ಲೌಸ್ ತೆಗೆದಿಡುವುದು ಹೇಗೆ? ಈ ಕಾಯ್ದೆಯಲ್ಲಿ ಮಾಲೀಕನ ತಪ್ಪನ್ನು ನೀವು ತೋರಿಸಬೇಕಾಗಿಯೇ ಇಲ್ಲ. ಕೆಲಸದ ಹೊತ್ತಿನಲ್ಲಿ, ಕೆಲಸದಿಂದಾಗಿ ಗಾಯ ಆಯಿತು ಅಂತ ತೋರಿಸಿದರೆ ಸಾಕು. ಗ್ಲೌಸ್ ಹಂಚಿದ ರಿಜಿಸ್ಟರ್ ಕೋರ್ಟಿಗೆ ತರಲಿ ಅಂತ ಕೇಳಿ.

ಗುಂಪಿನ ಸದಸ್ಯೆ:

ಮೇಡಂ, ನಾನೂ ಪೌರಕಾರ್ಮಿಕಳೇ. ನಮ್ಮ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಮುರೀತಾರೆ. ನನಗೆ ಹೀಗೇನಾದರೂ ಆದರೆ ಇದೇ ಲೆಕ್ಕಾನಾ?

ಉತ್ತರ (ವಕೀಲರು):

ಒಳ್ಳೇದು ಕೇಳಿದಿರಿ ಅಕ್ಕಾ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಇಎಸ್‌ಐ ಇದ್ದವರು ಪರಿಹಾರ ಕಾಯ್ದೆಯಡಿ ಮಾಲೀಕರ ಮೇಲೆ ಅರ್ಜಿ ಹಾಕುವ ಹಾಗಿಲ್ಲ. ಕಾನೂನು ಅದನ್ನು ತಡೆಯುತ್ತದೆ. ಆದರೆ ಇಎಸ್‌ಐನಲ್ಲಿ ಸಿಗುವುದೂ ಕಡಿಮೆ ಏನಲ್ಲ. ಗಾಯ ಮಾಗುವವರೆಗೆ ಸಂಬಳದ ಶೇ. 90. ಶಾಶ್ವತ ಊನವಾದರೆ ವೈದ್ಯಕೀಯ ಮಂಡಳಿ ಎಷ್ಟು ಶೇಕಡಾ ಅಂತ ನಿಗದಿ ಮಾಡುತ್ತದೆ, ಆ ಶೇ. 90ರಲ್ಲಿ ಅಷ್ಟು ಭಾಗ ಪ್ರತಿ ತಿಂಗಳು, ಬದುಕಿರುವವರೆಗೆ. 15,000 ಸಂಬಳದವರಿಗೆ ಶೇ. 30 ಅಂದರೆ ತಿಂಗಳಿಗೆ ಸುಮಾರು 4,050. ಚಿಕಿತ್ಸೆಯೂ ಅಲ್ಲೇ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸಿಗುತ್ತದೆ. ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನುವ ನಿಯಮ ಕೆಲಸದ ಗಾಯಕ್ಕಿಲ್ಲ.

ಮುರಿದುಕೊಂಡ ಹಣ ನಿಜವಾಗಿ ಕಟ್ಟಿದ್ದಾರಾ ಅಂತ ನಿಮ್ಮ ಇಎಸ್‌ಐ ನಂಬರ್ ಹಾಕಿ ಈಗಲೇ ನೋಡಿಸಿಕೊಳ್ಳಿ. ಕಟ್ಟದೇ ಇದ್ದರೂ ಹೆದರಬೇಡಿ. ಇಎಸ್‌ಐ ನಿಗಮ ನಿಮಗೆ ಕೊಟ್ಟು, ಮೂಲ ಮಾಲೀಕರಿಂದ ವಸೂಲಿ ಮಾಡಬಹುದು. ಗಾಯವಾದ ದಿನವೇ ಅಪಘಾತದ ವರದಿ ಹೋಗುವ ಹಾಗೆ ಮೇಸ್ತ್ರಿಯ ಬೆನ್ನು ಹತ್ತಿ.

(ಪ್ರಶ್ನೆ ಕೇಳಿದ ತಮ್ಮನಿಗೆ: ನಿಮ್ಮಣ್ಣನ ಹೆಸರು ಇಎಸ್‌ಐನಲ್ಲಿ ಇದೆಯಾ ಅಂತ ಅವರ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಇದ್ದರೆ ದಾರಿ ಬೇರೆ. ಮೇಲಿನ ಲೆಕ್ಕವೆಲ್ಲ ಇಲ್ಲ ಅನ್ನುವ ಆಧಾರದ ಮೇಲೆ ಹೇಳಿದ್ದು.)

ಪ್ರಶ್ನೆ ಕೇಳಿದವರು:

ಅವನಿಗೆ ಪಿಎಫ್ ಮಾತ್ರ ಇದೆ ಮೇಡಂ. ಆದರೂ ನಾಳೆ ಹೋಗಿ ಬರೆದು ಕೇಳ್ತೀನಿ.

ಗುಂಪಿನ ಇನ್ನೊಬ್ಬ ಸದಸ್ಯರು:

ನಮ್ಮ ಚಿಕ್ಕಮ್ಮ ಬೆಳಗಿನ ಜಾವ ರಸ್ತೆ ಗುಡಿಸುವಾಗ ಕಾರು ಗುದ್ದಿ ಕಾಲು ಮುರಿದಿದೆ. ಕಾರಿನ ನಂಬರ್ ಸಿಕ್ಕಿದೆ. ಅವರಿಗೂ ಇಎಸ್‌ಐ ಇಲ್ಲ. ಇದೂ ಕೆಲಸದ ಗಾಯವೇ ತಾನೇ?

ಉತ್ತರ (ವಕೀಲರು):

ಕೆಲಸದ ಗಾಯವೇ. ಆದರೆ ನಿಮ್ಮ ಮುಂದೆ ಎರಡು ಬಾಗಿಲಿವೆ, ಒಂದನ್ನು ಮಾತ್ರ ತಟ್ಟಬಹುದು. ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ಅಪಘಾತ ನ್ಯಾಯಮಂಡಳಿಗೆ ಹೋಗಿ, ಇಲ್ಲವೇ ನೌಕರರ ಪರಿಹಾರ ಕೇಳಿ. ಕಾರಿನ ನಂಬರ್, ವಿಮೆ ಎಲ್ಲ ಇರುವಾಗ ನ್ಯಾಯಮಂಡಳಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ. ಅಲ್ಲಿ 15,000ದ ಮಿತಿ ಇಲ್ಲ, ನೋವಿಗೂ ಲೆಕ್ಕ ಇದೆ. ಆದರೆ ಚಾಲಕನ ತಪ್ಪು ತೋರಿಸಬೇಕು. ಕಾರು ಸಿಗದೇ ಹೋಗಿದ್ದರೆ ನೌಕರರ ಪರಿಹಾರವೇ ಒಳ್ಳೆಯದು ಅನ್ನುತ್ತಿದ್ದೆ. ಗುದ್ದಿ ಓಡಿದ ಗಾಡಿಗಳ ಯೋಜನೆಯಲ್ಲಿ ತೀವ್ರ ಗಾಯಕ್ಕೆ ಸಿಗುವುದು 50,000 ಮಾತ್ರ. ಎಫ್‌ಐಆರ್ ನಕಲು ತಗೊಂಡು ವಕೀಲರನ್ನು ನೋಡಿ. ಸುಮ್ನೆ ಎರಡೂ ಕಡೆ ಅರ್ಜಿ ಹಾಕಬೇಡಿ.

ಪ್ರಶ್ನೆ ಕೇಳಿದವರು:

ಮೇಡಂ, ಒಂದು ವಿಷಯ ನಿನ್ನೆ ಹೇಳಿರಲಿಲ್ಲ. ಅಣ್ಣ ಇವತ್ತು ಬಾಯಿ ಬಿಟ್ಟ. ದಸರೆ ಹೊತ್ತಿಗೆ ಕಂಟ್ರಾಕ್ಟರ್ ಹತ್ತಿರ 30,000 ಮುಂಗಡ ತಗೊಂಡು ಒಂದು ಕಾಗದಕ್ಕೆ ಸಹಿ ಹಾಕಿದ್ದಾನೆ. ಏನು ಬರೆದಿತ್ತು ಅಂತ ಅವನಿಗೆ ಗೊತ್ತಿಲ್ಲ. ನಮ್ಮ ಕೇಸು ಹೋಯಿತಾ? ಇನ್ನೊಂದು, ಕೈಯಲ್ಲಿ ಎರಡೇ ಬೆರಳು ಇರುವಾಗ ಲೋಡಿಂಗ್ ಮಾಡಲಿಕ್ಕೇ ಆಗಲ್ಲ. ಶೇ. 30 ಅಂದರೆ ಸರಿಯಾ?

ಉತ್ತರ (ವಕೀಲರು):

ಹೋಗಲಿಲ್ಲ. ಅಣ್ಣನನ್ನು ಬೈಯಬೇಡಿ. ಹಬ್ಬದ ಮುಂದೆ ಖಾಲಿ ಕೈಯಲ್ಲಿ ಕೂತವನು ಇನ್ನೇನು ಮಾಡುತ್ತಾನೆ. ನೋಂದಣಿ ಆಗದ ಒಪ್ಪಂದಕ್ಕೆ 29ನೇ ಕಲಂ ಇದೆ. ಮಾಲೀಕರು ಪೂರ್ತಿ ಪರಿಹಾರ ಕೊಡಲೇಬೇಕು. ಪರಿಹಾರ ಅಂತ ಈಗಾಗಲೇ ಕೊಟ್ಟದ್ದರಲ್ಲಿ, ಕೋರ್ಟು ಬೇರೆ ಹೇಳದಿದ್ದರೆ, ಅರ್ಧಕ್ಕಿಂತ ಹೆಚ್ಚು ಕಳೆಯುವ ಹಾಗಿಲ್ಲ. ಅಂದರೆ 30,000ದಲ್ಲಿ 15,000. ಅರ್ಜಿಯಲ್ಲಿ ಈ ಹಣದ ವಿಷಯ ನಾವೇ ಬರೆಯೋಣ, ಮುಚ್ಚಿಡುವುದು ಬೇಡ. ಎದುರಿನವರು ಬಯಲು ಮಾಡಿದರೆ ಅಣ್ಣನ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ.

ಶೇಕಡಾ ವಿಷಯ ಸರಿಯಾಗಿ ಹಿಡಿದಿದ್ದೀರಿ. 1975ರಲ್ಲಿ ಸುಪ್ರೀಂ ಕೋರ್ಟು ಒಬ್ಬ ಬಡಗಿಯ ಕೇಸು ತೀರ್ಮಾನಿಸಿತು. ಅವನ ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಿದ್ದರು. ಒಂದೇ ಕೈಯಲ್ಲಿ ಮರಗೆಲಸ ಆಗುವುದಿಲ್ಲ, ಆದ್ದರಿಂದ ಅವನ ದುಡಿಮೆ ಪೂರ್ತಿ ಹೋದ ಹಾಗೆ ಅಂತ ಕೋರ್ಟು ಒಪ್ಪಿತು. ಪರಿಹಾರ ಅಪಘಾತದ ದಿನವೇ ಸಲ್ಲಬೇಕು ಅಂತಲೂ ಹೇಳಿತು. ನಿಮ್ಮಣ್ಣನಿಗೆ ನೂರು ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಹೆಬ್ಬೆರಳು ಉಳಿದಿದೆ. ಆದರೆ ಬಲಗೈಯವನು, ಭಾರ ಎತ್ತುವ ಕೆಲಸದವನು, ಬೇರೆ ಕಸುಬು ಗೊತ್ತಿಲ್ಲ ಅನ್ನುವುದನ್ನೆಲ್ಲ ಸಾಕ್ಷ್ಯದಲ್ಲಿ ತರಬೇಕು. ಮೂಳೆ ತಜ್ಞರಿಂದ ಪ್ರಮಾಣಪತ್ರ ಮಾಡಿಸಿ. ಬರೀ ಕೈಯ ಊನ ಎಷ್ಟು ಅಂತಲ್ಲ, ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ಅದರಲ್ಲಿ ಬರಲಿ. ಅವರು ಕೋರ್ಟಿಗೆ ಬಂದು ಹೇಳಲು ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಗೊಂದಲ ನಿಮಗೆ ಎದುರಾಗಬಹುದು. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಯ ಬದಲಿಗೆ ಸಾಮಾಜಿಕ ಭದ್ರತಾ ಸಂಹಿತೆ ಅನ್ನುವ ಹೊಸ ಕಾನೂನು ಜಾರಿಗೆ ಬಂದಿದೆ. ‘ಹಳೇ ಕಾಯ್ದೆ ಈಗ ಇಲ್ಲ’ ಅಂತ ಯಾರಾದರೂ ಹೇಳಿದರೆ ಎದೆಗುಂದಬೇಡಿ. ಅಣ್ಣನ ಅಪಘಾತ ಮಾರ್ಚ್‌ನಲ್ಲಿ ಆಗಿದೆ, ಅವರ ಹಕ್ಕು ಅವತ್ತೇ ಹುಟ್ಟಿದೆ. ಹಳೇ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷ ಸಮಯ ಇದೆ. ಆದರೂ ಅಲ್ಲಿಯವರೆಗೆ ಕಾಯಬೇಡಿ, ಈ ತಿಂಗಳೇ ಹಾಕೋಣ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕೋರ್ಟ್ ಆವರಣದಲ್ಲೇ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅಂಗವೈಕಲ್ಯ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಅರ್ಜಿ ಹಾಕಿದ ಮೇಲೆ ಅವರು ಮತ್ತೆ ರಾಜಿಗೆ ಬಂದೇ ಬರುತ್ತಾರೆ. ಆಗ ಕೂತು ಮಾತಾಡೋಣ. 4,97,259ಕ್ಕಿಂತ ಕೆಳಗೆ ಇಳಿಯುವ ಮಾತು ಬೇಡ. ಬಡ್ಡಿಯಲ್ಲಿ ಸ್ವಲ್ಪ ಬಿಟ್ಟು ಬೇಗ ಮುಗಿಸಬೇಕಾ ಅನ್ನುವುದು ಅಣ್ಣ ಅತ್ತಿಗೆ ತೀರ್ಮಾನಿಸಲಿ. ಹಣ ಕೋರ್ಟಿನಲ್ಲೇ ಜಮಾ ಆಗಬೇಕು.

ಪ್ರಶ್ನೆ ಕೇಳಿದವರು:

ಸೋಮವಾರ ಪ್ರಾಧಿಕಾರಕ್ಕೆ ಹೋಗ್ತೀವಿ ಮೇಡಂ. ಅತ್ತಿಗೆಯೂ ಬರ್ತಾರೆ. ಏನೇನು ತಗೊಂಡು ಹೋಗಲಿ?

ಉತ್ತರ (ವಕೀಲರು):

ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಗಾಯದ ಪ್ರಮಾಣಪತ್ರ, ಎಲ್ಲ ಬಿಲ್ಲು. ಸಂಬಳಕ್ಕೆ ಬ್ಯಾಂಕ್ ಪಾಸ್‌ಬುಕ್ ಮತ್ತು ಪಿಎಫ್ ವಿವರ. ವಯಸ್ಸಿಗೆ ಶಾಲೆಯ ಟಿಸಿ ಇದ್ದರೆ ಒಳ್ಳೆಯದು, ಆಧಾರ್‌ನಲ್ಲಿ ಬರೀ ಜನವರಿ 1 ಅಂತ ಇರುತ್ತದೆ. ನಗರಸಭೆ ಕೊಟ್ಟ ಗುರುತಿನ ಚೀಟಿ, ಆ ಲಾರಿಯ ನಂಬರ್. ಅವತ್ತು ಜೊತೆಗಿದ್ದ ಚಾಲಕ, ಇನ್ನೊಬ್ಬ ಲೋಡರ್ ಯಾರು ಅಂತ ಅಣ್ಣನ ಕೈಲಿ ಬರೆಸಿಕೊಳ್ಳಿ. ಅವರಿಗೆ ಕೆಲಸ ಹೋಗುವ ಭಯ ಇರುತ್ತದೆ, ಒತ್ತಾಯ ಬೇಡ. ಹಾಜರಿ ಪುಸ್ತಕವನ್ನು ಕೋರ್ಟಿನ ಮೂಲಕ ತರಿಸಬಹುದು.

ಅಣ್ಣ ಬಲಗೈಯವರಲ್ವಾ, ಎಡಗೈಯಲ್ಲಿ ಸಹಿ ಹಾಕುವುದನ್ನು ಈಗಿನಿಂದಲೇ ರೂಢಿ ಮಾಡಿಸಿ. ವಕಾಲತ್ತಿಗೆ ಬೇಕಾಗುತ್ತದೆ. ಬರದಿದ್ದರೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ.