ಅಕ್ಕ ಹಾಕಿರೋ ಮರದ ಫೋಟೋಗೆ ಉತ್ತರ

ಅಕ್ಕಾ, ನೀನು ಹಾಕಿರೋ ಫೋಟೋನ ಜೂಮ್ ಮಾಡಿ ನೋಡ್ದೆ, ಆ ಮರ ಗಟ್ಟಿಯಿದ್ಯಾ, ಬೀಳೋ ಅಪಾಯ ಇದ್ಯಾ ಅನ್ನೋದನ್ನ ಟೈಪ್ ಮಾಡೋಕೆ ಬೇಜಾರು ಅದಕ್ಕೆ ವಾಯ್ಸಲ್ಲೇ ಹೇಳ್ತಿದೀನಿ. ಬುಡದಲ್ಲಿ ತಟ್ಟೆ ಥರ ಅಂಟ್ಕೊಂಡಿದ್ಯಲ್ಲ ಗಟ್ಟಿ ಅಣಬೆ, ಅದನ್ನ ಕೆರೆದು ಬಿಸಾಕು, ಎಲೆ ಹಸಿರಾಗಿದೆ ಮರಕ್ಕೇನೂ ಆಗಿಲ್ಲ ಅಂದ್ರಲ್ಲ ಚಿಕ್ಕಪ್ಪ, ಚಿಕ್ಕಪ್ಪ ತಪ್ಪು ತಿಳ್ಕೋಬೇಡಿ, ಎಲೆ ನೋಡಿ ಮರ ಗಟ್ಟಿಯಿದೆ ಅನ್ನೋಕಾಗಲ್ಲ. ನೀರು, ಆಹಾರ ಓಡಾಡೋದು ತೊಗಟೆಗೆ ಹತ್ತಿರದ ಪದರದಲ್ಲಿ, ನಡುವಿನ ಚೇಗು ಸತ್ತ ಭಾಗ, ಅದು ಲಡ್ಡಾಗಿ ಪುಡಿಯಾಗಿದ್ರೂ ಮೇಲ್ಗಡೆ ಚಿಗುರ್ತಾನೇ ಇರುತ್ತೆ. ಆ ಅಣಬೆ ಹೊರಗೆ ಕಾಣಿಸ್ಕೊಳ್ಳೋದು ಸಾಮಾನ್ಯವಾಗಿ ಶಿಲೀಂಧ್ರ ಒಳಗೆ ವರ್ಷಗಟ್ಟಲೆ ತಿಂದಾದ್ಮೇಲೆ, ಕೆರೆದ್ರೆ ಗುರುತು ಮಾತ್ರ ಹೋಗುತ್ತೆ.

ಒಂದ್ ಕೆಲ್ಸ ಮಾಡು, ಮರದ ಸುತ್ತಿಗೆ ಇದ್ರೆ ಕಾಂಡದ ಸುತ್ತ ಮೆಲ್ಲಗೆ ತಟ್ತಾ ಬಾ, ಎಲ್ಲಾದ್ರೂ ಸದ್ದು ಬದಲಾಗಿ ಡೊಳಡೊಳ ಅಂದ್ರೆ ಅಲ್ಲಿ ಟೊಳ್ಳಿರಬಹುದು. ಟೊಳ್ಳಾದ ಮರವೆಲ್ಲ ಬೀಳಲ್ಲ, ಸುತ್ತ ಗಟ್ಟಿ ಮರ ಎಷ್ಟು ಉಳಿದಿದೆ ಅನ್ನೋದು ಲೆಕ್ಕ, ಕಾಂಡದ ತ್ರಿಜ್ಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಇದ್ರೆ ಅಪಾಯ ಅಂತ ಒಂದು ಅಂದಾಜಿದೆ, ಆದ್ರೆ ಪೊಟರೆ ಬಾಯಿ ಅಗಲ ಇದ್ರೆ ಅದನ್ನೂ ನಂಬೋಹಾಗಿಲ್ಲ. ಪೊಟರೆಗೆ ಸಿಮೆಂಟ್ ತುಂಬ್ಸೋಣ ಅಂದವ್ರಿಗೆ ಹೇಳ್ತೀನಿ, ದಯವಿಟ್ಟು ಬೇಡ, ಮರ ಗಾಳಿಗೆ ಬಾಗುತ್ತೆ ಸಿಮೆಂಟ್ ಬಾಗಲ್ಲ, ನಡುವೆ ನೀರು ನಿಂತು ಇನ್ನೂ ಕೊಳೆಯುತ್ತೆ.

ನಂಗೆ ಜಾಸ್ತಿ ಭಯ ಬೇರಿಂದು. ತುದಿ ರೆಂಬೆಗಳು ಒಂದೊಂದಾಗಿ ಒಣಗಿ ಬೋಳಾಗ್ತಾ ಕೆಳಗೆ ಇಳೀತಿದ್ರೆ ತೊಂದ್ರೆ ಎಷ್ಟೋ ಸಲ ಬೇರಲ್ಲೇ ಇರುತ್ತೆ, ಪೈಪಿಗೆ ಅಂತ ಹತ್ರ ಗುಂಡಿ ತೋಡಿದ್ರಾ, ಬುಡಕ್ಕೆ ಮಣ್ಣು ಏರ್ಸಿದ್ರಾ ಅಂತ ನೆನಪು ಮಾಡ್ಕೋ, ಬೇರು ಕಡಿದ ಪರಿಣಾಮ ಮೇಲೆ ಕಾಣೋಕೆ ಕೆಲವು ವರ್ಷನೇ ಹಿಡಿಯುತ್ತೆ. ಮತ್ತೆ ಮರ ಹೊಸದಾಗಿ ಒಂದ್ಕಡೆ ವಾಲಿ, ಆಚೆ ಬದಿ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ರೆ ಸುತ್ತಿಗೆ ಗಿತ್ತಿಗೆ ಏನೂ ಬೇಡ, ಹತ್ರ ಹೋಗ್ಲೇಬೇಡ, ಮರ ನೋಡೋದ್ರಲ್ಲಿ ಪಳಗಿದವ್ರನ್ನ ಕರೆಸು.

ಇನ್ನೊಂದು ಫೋಟೋದಲ್ಲಿ ತೊಗಟೆ ಮೇಲೆ ಬೂದಿ ಬಣ್ಣದ ಮಚ್ಚೆ ಇದ್ಯಲ್ಲ, ಅದು ಕಲ್ಲುಹೂ ಥರದ್ದು, ಮರಕ್ಕೆ ಏನೂ ಮಾಡಲ್ಲ ಬಿಟ್ಬಿಡು. ಅಂಟು ಸೋರ್ತಿದ್ಯಾ, ತೂತಿಂದ ಹೊಟ್ಟಿನ ಥರ ಪುಡಿ ಉದುರ್ತಿದ್ಯಾ ಅಂತ ಮಾತ್ರ ನೋಡು. ಸದ್ಯಕ್ಕೆ ಅದರ ಕೆಳಗೆ ಕಾರ್ ನಿಲ್ಲಿಸ್ಬೇಡ, ಮಕ್ಕಳ ಉಯ್ಯಾಲೆ ಬಿಚ್ಚಿಡು, ಬೆಳಕಿರುವಾಗ ಬುಡದ ನಾಲ್ಕೂ ಕಡೆ ಫೋಟೋ ತೆಗೆದು ಹಾಕು, ಗೋಡೆ ಕಡೇದು ಮರೀಬೇಡ.